ಕೊರೆದ ತೂತಿಗೆ ಯಜಮಾನ ಯಾರು?

ಕಲ್ಲಿದ್ದಲು ಸುಟ್ಟಾಗ ಬರುವ ಇಂಗಾಲದ ಡೈಆಕ್ಸೈಡ್ ಅನಿಲವನ್ನು ಗಾಳಿಗೆ ಬಿಡದೆ ಹಿಡಿದು, ಪೈಪಿನಲ್ಲಿ ತಂದು, ನೆಲದ ಆಳದಲ್ಲಿ ಹೂಳುವ ವಿಚಾರ ಈಗ ಪೇಪರಿನಲ್ಲಿ ಆಗಾಗ ಬರ್ತಾ ಇದೆ. 2022ರ ನವೆಂಬರಿನಲ್ಲಿ ನೀತಿ ಆಯೋಗ ಇದರ ಬಗ್ಗೆ ದೊಡ್ಡ ವರದಿಯನ್ನೇ ಹೊರಡಿಸಿತು. ಈ ಅನಿಲವನ್ನು ಹಿಡಿಯುವ, ಬಳಸುವ ದಾರಿ ಹುಡುಕಲು ಕೇಂದ್ರ ಸರಕಾರದ ವಿಜ್ಞಾನ ಇಲಾಖೆ ಎರಡು ಕಡೆ ಸಂಶೋಧನಾ ಕೇಂದ್ರ ಕೊಟ್ಟಿದೆ. ಒಂದು ಮುಂಬಯಿಯ ಐಐಟಿಯಲ್ಲಿ, ಇನ್ನೊಂದು ನಮ್ಮ ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ. ಭೂಮಿಯ ಬಿಸಿ ಏರುವುದನ್ನು ತಡೆಯಲು ಇದೂ ಒಂದು ದಾರಿ ಅಂತ ತಿಳಿದವರು ಹೇಳ್ತಾರೆ.

ಇದು ದೊಡ್ಡವರ ವಿಚಾರ, ಎರಡೆಕರೆಯವರಿಗೆ ಏನು ಅಂತ ಪುಟ ತಿರುಗಿಸಬೇಡಿ. ಈ ಇಡೀ ಕೆಲಸ ನಿಂತಿರುವುದು ನಮಗೆ ಚೆನ್ನಾಗಿ ಪರಿಚಯ ಇರುವ ಒಂದು ವಸ್ತುವಿನ ಮೇಲೆ. ಅದು ಬೋರು. ಅನಿಲವನ್ನು ಒಳಗೆ ತುಂಬುವುದು ಬೋರಿನಿಂದ. ಅದು ಹೊರಗೆ ಬರುವುದಿದ್ದರೂ ಹೆಚ್ಚಾಗಿ ಬೋರಿನಿಂದಲೇ. ಬೋರು ಎಂದರೆ ಏನು, ಕೇಸಿಂಗ್ ಎಂದರೆ ಏನು, ಕೊರೆದವನು ಹೋದ ಮೇಲೆ ಆ ತೂತು ಏನಾಗ್ತದೆ ಎಂಬುದನ್ನು ನಮ್ಮಷ್ಟು ಕಂಡವರು ಯಾರಿದ್ದಾರೆ? ಹಾಗಾಗಿ ಈ ವಿಚಾರದಲ್ಲಿ ನಾವೂ ಎರಡು ಮಾತು ಹೇಳಬಹುದು.

ತದಡಿಗೂ ಇದಕ್ಕೂ ಏನು?

ನನ್ನ ಊರು ಕುಮಟಾ ತಾಲೂಕಿನ ತದಡಿ ಬದಿ. ಅಘನಾಶಿನಿ ಹೊಳೆ ಸಮುದ್ರ ಸೇರುವ ಜಾಗ. ಕೆಳಗೆ ಉಪ್ಪುನೀರಿನ ಗಜನಿ. ಅಲ್ಲಿ ಕಗ್ಗ ಭತ್ತ, ಸಿಗಡಿ. ಹೊಳೆಯಲ್ಲಿ ಮೀನು, ಬಳಚು. ಮೇಲೆ ಚಿರೆಕಲ್ಲಿನ ಗುಡ್ಡ, ಅದರ ಮಗ್ಗುಲಲ್ಲಿ ನಮ್ಮಂಥವರ ಹಕ್ಕಲು. ಘಟ್ಟದ ಮೇಲಿನವರಿಗೆ ನಮ್ಮದು ಮಳೆಯ ಜಿಲ್ಲೆ. ಮಳೆ ಬರ್ತದೆ ಹೌದು, ಆದರೆ ನಾಲ್ಕು ತಿಂಗಳು. ಬಂದ ನೀರನ್ನು ಚಿರೆಕಲ್ಲು ಹಿಡಿದಿಟ್ಟುಕೊಳ್ಳುವುದಿಲ್ಲ. ಸಂಕ್ರಾಂತಿ ಕಳೆಯುವಾಗ ನೆಲ ಕಾದು ಬಿರುಸಾಗಿರ್ತದೆ. ನಮ್ಮ ಹಕ್ಕಲಿಗೆ ಕಾಲುವೆ ಇಲ್ಲ, ಪಂಪು ಇಲ್ಲ. ಮಳೆ ಮೇಲೆ ಒಂದು ಬೆಳೆ, ತೇವ ಇದ್ದಷ್ಟು ದಿನ ಉದ್ದು, ಶೇಂಗಾ. ಕರಾವಳಿಯಾದರೂ ನಮ್ಮದು ಒಣ ಬೇಸಾಯವೇ. ಕುಡಿಯಲು ಒಂದು ಬಾವಿ. ಅದು ಕೆಟ್ಟರೆ ಕೊಡ ಹಿಡಿದು ಟ್ಯಾಂಕರ್ ಕಾಯುವುದೇ ಗತಿ.

ಈ ತದಡಿಯಲ್ಲಿ 4,000 ಮೆಗಾವಾಟಿನ ಕಲ್ಲಿದ್ದಲು ವಿದ್ಯುತ್ ಸ್ಥಾವರ ಮಾಡಲು 2006ರ ಹೊತ್ತಿಗೆ ಕೇಂದ್ರ ಸರಕಾರ ಹೊರಟಿತ್ತು. ಕೈಗಾರಿಕೆಗೆಂದು ಇಲ್ಲಿ ಜಮೀನು ತೆಗೆದುಕೊಂಡು ಅದಕ್ಕೂ ಮೊದಲೇ ದಶಕಗಳು ಕಳೆದಿದ್ದವು. ಮೀನುಗಾರರು, ಗಜನಿ ರೈತರು, ಬಳಚು ಹೆಕ್ಕುವ ಹೆಂಗಸರು ಎಲ್ಲ ಸೇರಿ ಬೇಡ ಅಂದರು. ಈ ಅಳಿವೆಯಿಂದ ಜನರಿಗೆ ಎಷ್ಟು ಹುಟ್ಟುವಳಿ ಇದೆ ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಬಂದು ಲೆಕ್ಕ ಹಾಕಿ ತೋರಿಸಿದರು. ಸ್ಥಾವರ ಬರಲಿಲ್ಲ. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ಜಾಗ ರಾಮ್ಸಾರ್ ಪಟ್ಟಿಗೆ ಸೇರಿತು. ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿ ಅದು.

ಆ ಸ್ಥಾವರ ಬಂದಿದ್ದರೆ ಎಷ್ಟು ಅನಿಲ ಬರ್ತಿತ್ತು? ಕಲ್ಲಿದ್ದಲಿನಿಂದ ಒಂದು ಯೂನಿಟ್ ಕರೆಂಟು ಮಾಡಿದರೆ ಸುಮಾರು 900 ಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಗೆ ಬರ್ತದೆ. 4,000 ಮೆಗಾವಾಟಿನ ಸ್ಥಾವರ ವರ್ಷದಲ್ಲಿ ಮುಕ್ಕಾಲು ಪಾಲು ಓಡಿದರೆ 2,600 ಕೋಟಿ ಯೂನಿಟ್ ಆಗ್ತದೆ. ಗುಣಿಸಿದರೆ ವರ್ಷಕ್ಕೆ 2 ಕೋಟಿ 30 ಲಕ್ಷ ಟನ್ ಅನಿಲ. ಹತ್ತು ಟನ್ನಿನ ಲಾರಿಯ ಲೆಕ್ಕದಲ್ಲಿ 23 ಲಕ್ಷ ಲಾರಿ. ಅದೂ ವರ್ಷ ವರ್ಷ.

ಮುಂದೆ ಎಲ್ಲೇ ಇಂಥ ಸ್ಥಾವರ ಬಂದರೂ, ಇಲ್ಲವೆ ಈಗಾಗಲೇ ಓಡುತ್ತಿರುವ ಉಡುಪಿಯ 1,200 ಮೆಗಾವಾಟಿನ, ವಿಜಯಪುರ ಜಿಲ್ಲೆ ಕೂಡಗಿಯ 2,400 ಮೆಗಾವಾಟಿನ ಸ್ಥಾವರಗಳಿಗೆ ಈ ಏರ್ಪಾಡು ಜೋಡಿಸಿದರೂ, "ಹೊಗೆಯ ಚಿಂತೆ ಬಿಡಿ, ಹೂಳ್ತೇವೆ" ಅಂತ ಹೇಳುವವರು ಬರ್ತಾರೆ. ಆಗ ಊರ ಸಭೆಯಲ್ಲಿ ಏನು ಕೇಳಬೇಕು ಅಂತ ನಮಗೆ ಗೊತ್ತಿರಬೇಕು.

ಹೂಳುವುದು ಹೇಗೆ?

ಒಂದು ಮಾತು ಮೊದಲೇ ಹೇಳ್ತೇನೆ. ಇಂಗಾಲದ ಡೈಆಕ್ಸೈಡ್ ಭೂತವಲ್ಲ. ಸೋಡಾ ಬಾಟಲಿಯಲ್ಲಿ ಬುಸ್ಸೆನ್ನುವುದು ಅದೇ. ನಮ್ಮ ಬೆಳೆ ಉಣ್ಣುವುದೂ ಅದನ್ನೇ. ಆದರೆ ಗಾಳಿಗಿಂತ ಭಾರ. ಒಟ್ಟಾಗಿ ಬಂದರೆ ತಗ್ಗಿನಲ್ಲಿ ನೀರಿನ ಹಾಗೆ ತುಂಬಿಕೊಳ್ತದೆ. ಹಳೆ ಬಾವಿಗೆ ಇಳಿಯುವ ಮೊದಲು ದೀಪ ಇಳಿಸಿ ನೋಡುವ ಪದ್ಧತಿ ನಮ್ಮ ಹಿರಿಯರು ಇಟ್ಟಿದ್ದು ಯಾಕೆ? ಕೆಳಗೆ ಉಸಿರಾಡುವ ಗಾಳಿ ಇಲ್ಲದಿದ್ದರೆ ದೀಪ ಆರ್ತದೆ ಎಂದು. 1986ರ ಆಗಸ್ಟಿನಲ್ಲಿ ಆಫ್ರಿಕದ ಕ್ಯಾಮರೂನಿನ ನ್ಯೋಸ್ ಎಂಬ ಕೆರೆಯ ತಳದಲ್ಲಿ ಸೇರಿಕೊಂಡಿದ್ದ ಈ ಅನಿಲ ಒಂದೇ ರಾತ್ರಿ ಎದ್ದು ಬಂದು ಸುಮಾರು 1,700 ಜನ ಸತ್ತರು. ಅದು ಯಾರೂ ಹೂತದ್ದಲ್ಲ, ಭೂಮಿಯೊಳಗಿಂದ ತಾನಾಗಿ ಬಂದು ಕೂಡಿದ್ದು. ಹೂತ ಅನಿಲ ಹಾಗೇ ಒಮ್ಮೆಗೇ ಏಳ್ತದೆ ಅಂತ ನಾನು ಹೆದರಿಸುವುದಿಲ್ಲ. ಅದರ ಸ್ವಭಾವ ತಿಳಿದಿರಲಿ ಅಂತ ಹೇಳಿದೆ.

ಹೂಳುವುದಕ್ಕೆ ಸುಮಾರು 800 ಮೀಟರಿಗಿಂತ ಆಳ ಬೇಕು. ನಮ್ಮ ಲೆಕ್ಕದಲ್ಲಿ 2,600 ಅಡಿ. ಆ ಆಳದ ಒತ್ತಡಕ್ಕೆ ಅನಿಲ ಕುಗ್ಗಿ ದ್ರವದ ಹಾಗೆ ದಟ್ಟ ಆಗ್ತದೆ, ಕಡಿಮೆ ಜಾಗ ಸಾಕಾಗ್ತದೆ. ಅಲ್ಲಿ ಸ್ಪಂಜಿನ ಹಾಗೆ ಸಣ್ಣ ಸಣ್ಣ ತೂತಿರುವ ಮರಳುಕಲ್ಲು ಇರಬೇಕು. ಅದರ ಮೇಲೆ ಮುಚ್ಚಳದ ಹಾಗೆ ಬಿಗಿಯಾದ ಇನ್ನೊಂದು ಕಲ್ಲಿನ ಪದರ ಇರಬೇಕು. ನಾರ್ವೆ ದೇಶದವರು ಸ್ಲೈಪ್ನರ್ ಎಂಬಲ್ಲಿ ಸಮುದ್ರದ ತಳದ ಕೆಳಗೆ 1996ರಿಂದ ಹೀಗೆ ತುಂಬುತ್ತಾ ಬಂದಿದ್ದಾರೆ. ಅಲ್ಲಿ ಹೂತದ್ದು ವರ್ಷಕ್ಕೆ ಸುಮಾರು 10 ಲಕ್ಷ ಟನ್. ಈ ಕೆಲಸಕ್ಕೆ ಜಗತ್ತೇ ತೋರಿಸುವ ಒಳ್ಳೆ ಮಾದರಿ ಅದು. ಆದರೆ ನಮ್ಮ ತದಡಿಗೆ ಹೇಳಿದ್ದ ಒಂದು ಸ್ಥಾವರಕ್ಕೆ ಅಂಥವು 23 ಬೇಕಾಗ್ತಿದ್ದವು.

ನಮ್ಮ ಕರಾವಳಿಯ ನೆಲದಡಿ ಇರುವುದು ಚಿರೆಕಲ್ಲು, ಅದರ ಕೆಳಗೆ ಶೇಡಿಮಣ್ಣು, ಅದಕ್ಕೂ ಕೆಳಗೆ ಗಟ್ಟಿ ಕರಿಕಲ್ಲು. ಸ್ಪಂಜಿನಂಥ ಮರಳುಕಲ್ಲು ಇಲ್ಲಿಲ್ಲ. ಹಾಗಾಗಿ ತದಡಿಯ ನೆಲದಡಿಯಲ್ಲೇ ಹೂಳುವ ಮಾತು ಬರಲಾರದು. ಬರುವುದಿದ್ದರೆ ಎದುರಿನ ಅರಬ್ಬೀ ಸಮುದ್ರದ ತಳದಲ್ಲಿ, ಇಲ್ಲವೆ ಘಟ್ಟದ ಮೇಲೆ ಉತ್ತರ ಕರ್ನಾಟಕದ ಕಪ್ಪುಕಲ್ಲಿನಲ್ಲಿ. ಅದರ ವಿಚಾರ ಮುಂದೆ ಹೇಳ್ತೇನೆ.

ನೆಲದಡಿ ಇಟ್ಟು ಕಾಯುವ ಕೆಲಸ ನಮ್ಮ ಕರಾವಳಿಗೆ ಪೂರಾ ಹೊಸದೇನಲ್ಲ. ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್, ಮಂಗಳೂರಿನಲ್ಲಿ 15 ಲಕ್ಷ ಟನ್ ಕಚ್ಚಾ ತೈಲ ಹಿಡಿಯುವ ಗುಹೆಗಳನ್ನು ಬಂಡೆಯೊಳಗೆ ಕೊರೆದಿದ್ದಾರೆ. ಸುತ್ತಲಿನ ಕಲ್ಲಿನ ಬಿರುಕುಗಳಲ್ಲಿ ನೀರಿನ ಒತ್ತಡ ಇಟ್ಟು ಎಣ್ಣೆ ಆಚೆ ಹೋಗದ ಹಾಗೆ ತಡೆಯುವುದು ಅಲ್ಲಿನ ಉಪಾಯ. ಎಣ್ಣೆ ಇರುವಷ್ಟು ಕಾಲ ಆ ಒತ್ತಡ ಕಾಯಬೇಕು. ಆದರೆ ಎಣ್ಣೆಯನ್ನು ಒಂದು ದಿನ ತೆಗೆದು ಮುಗಿಸಬಹುದು. ಹೂತ ಅನಿಲವನ್ನು ಯಾರೂ ತಿರುಗಿ ತೆಗೆಯುವುದಿಲ್ಲ. ಅದು ಅಲ್ಲೇ ನೂರಾರು, ಸಾವಿರಾರು ವರ್ಷ ಇರಬೇಕು. ವ್ಯತ್ಯಾಸ ಇಲ್ಲಿದೆ.

ಸೋರುವುದು ಕಲ್ಲಲ್ಲ, ತೂತು

ಒಳ್ಳೆ ಜಾಗ ಆರಿಸಿದರೆ ಮುಚ್ಚಳದ ಕಲ್ಲು ಗಟ್ಟಿಯೇ ಇರ್ತದೆ. ಲಕ್ಷಾಂತರ ವರ್ಷ ಎಣ್ಣೆ, ಅನಿಲ ಹಿಡಿದಿಟ್ಟ ಕಲ್ಲು ಅದು. ಆದರೆ ಅನಿಲ ತುಂಬಲು ಆ ಮುಚ್ಚಳಕ್ಕೇ ತೂತು ಹಾಕಬೇಕಲ್ಲ. ಜತೆಗೆ ಹಿಂದೆ ಎಣ್ಣೆ ಹುಡುಕುವಾಗ ಹಾಕಿದ ತೂತುಗಳೂ ಇರ್ತವೆ.

ನಮ್ಮ ಕಡೆಯ ಹಲವರು ಗಲ್ಫಿಗೆ ಹೋದವರು. ಅವರಲ್ಲಿ ಒಬ್ಬ ಹುಡುಗ ತೈಲಬಾವಿಯ ಸಿಮೆಂಟು ಕೆಲಸದಲ್ಲಿ ಹತ್ತು ವರ್ಷ ಇದ್ದವನು. ಅವನನ್ನೇ ಕೇಳಿದೆ. "ಮಾವ, ನಮ್ಮೂರ ಬೋರಿಗೆ ಕೇಸಿಂಗ್ ಇಳಿಸಿ ಬಿಡ್ತಾರೆ, ಅಷ್ಟೇ. ಅಲ್ಲಿ ಹಾಗಲ್ಲ. ಉಕ್ಕಿನ ಪೈಪು ಇಳಿಸಿ, ಅದರೊಳಗಿಂದ ಸಿಮೆಂಟಿನ ಹಾಲು ಒತ್ತಿದರೆ ಅದು ತಳ ಮುಟ್ಟಿ ಪೈಪಿನ ಹೊರಗಿಂದ ಮೇಲೆ ಬರ್ತದೆ. ಪೈಪಿಗೂ ಕಲ್ಲಿಗೂ ನಡುವಿನ ಸಂದಿ ತುಂಬಬೇಕು. ಆ ಸಂದಿ ತುಂಬಿದರೆ ಬಾವಿ, ತುಂಬದಿದ್ದರೆ ಚಿಮಣಿ" ಅಂದ.

ಮಾತು ಅಲ್ಲೇ ಇದೆ. ಸಿಮೆಂಟು ಒಣಗುವಾಗ ಸ್ವಲ್ಪ ಕುಗ್ಗುತ್ತದೆ. ಒತ್ತಡ ಏರಿ ಇಳಿದಾಗ, ಬಿಸಿ ತಂಪು ಆದಾಗ ಪೈಪು ಹಿಗ್ಗಿ ಕುಗ್ಗಿ ಸಿಮೆಂಟಿನಿಂದ ಕೂದಲೆಳೆಯಷ್ಟು ಬಿಟ್ಟುಕೊಳ್ತದೆ. ಇಂಗಾಲದ ಡೈಆಕ್ಸೈಡ್ ನೀರಿಗೆ ಸೇರಿದರೆ ಹುಳಿ, ಅಂದರೆ ಆಮ್ಲ. ಹುಳಿ ನೀರು ಉಕ್ಕನ್ನು ತುಕ್ಕು ಹಿಡಿಸುತ್ತದೆ, ಸಿಮೆಂಟಿನ ಸುಣ್ಣದ ಅಂಶವನ್ನು ಮೊದಲು ಕಲ್ಲು ಮಾಡಿ ಆಮೇಲೆ ಕರಗಿಸುತ್ತದೆ.

ಇದರಲ್ಲಿ ಸಮಾಧಾನದ ಸಂಗತಿಯೂ ಇದೆ. ಅಮೆರಿಕದ ಟೆಕ್ಸಾಸಿನಲ್ಲಿ ಉಳಿದ ಎಣ್ಣೆಯನ್ನು ಹೊರಗೆ ತಳ್ಳಲು 1972ರಿಂದ ಈ ಅನಿಲವನ್ನು ನೆಲಕ್ಕೆ ತುಂಬಿದ ಒಂದು ಜಾಗ ಉಂಟು. ಅಲ್ಲಿ 30 ವರ್ಷ ಅನಿಲದ ಜತೆ ಇದ್ದ ಬಾವಿಯ ಸಿಮೆಂಟನ್ನು ತೆಗೆದು ನೋಡಿದರು. ಅಂಚಿನಲ್ಲಿ ಬಣ್ಣ ತಿರುಗಿ ಸವೆದಿತ್ತು, ಆದರೆ ಒಳಗಿನದು ಗಟ್ಟಿ ಇತ್ತು. ಅಂದರೆ ಚೆನ್ನಾಗಿ ಹಾಕಿದ ಸಿಮೆಂಟು ತಡೀತದೆ. ಕೆಡುವುದು ಸಿಮೆಂಟಿನ ಹೊಟ್ಟೆಯಲ್ಲಿ ಅಲ್ಲ, ಅದು ಪೈಪಿಗೆ ಮತ್ತು ಕಲ್ಲಿಗೆ ಅಂಟುವ ಸಂದಿಯಲ್ಲಿ. ಎಂದರೆ ಎಲ್ಲವೂ ಆ ದಿನ ಕೆಲಸ ಮಾಡಿದವನ ಪ್ರಾಮಾಣಿಕತೆಯ ಮೇಲೆ. ಮತ್ತೆ 30 ವರ್ಷ ನೋಡಿದ್ದೇವೆ ಹೌದು, 300 ವರ್ಷ ಯಾರೂ ನೋಡಿಲ್ಲ.

ಆಗಿ ಹೋದ ಸಂಗತಿಗಳು

ಅಲ್ಜೀರಿಯ ದೇಶದ ಮರುಭೂಮಿಯಲ್ಲಿ ಇನ್ ಸಾಲಾ ಎಂಬಲ್ಲಿ 2004ರಿಂದ 2011ರವರೆಗೆ ಸುಮಾರು 38 ಲಕ್ಷ ಟನ್ ಹೂತರು. 2007ರಲ್ಲಿ ಅಲ್ಲಿ ಸ್ವಲ್ಪ ಅನಿಲ ಸೋರಿದ್ದು ಕಂಡಿತು. ಎಲ್ಲಿಂದ? ತುಂಬುವ ಬಾವಿಯಿಂದ ಅಲ್ಲ. ಅದರಿಂದ ಒಂದು ಕಿಲೋಮೀಟರಿಗೂ ದೂರ, ಹಿಂದೆ ಯಾವಾಗಲೋ ಪರೀಕ್ಷೆಗೆ ಕೊರೆದು ಬಿಟ್ಟಿದ್ದ ಹಳೆ ಬಾವಿಯ ಬಾಯಿಯಿಂದ. ಸೋರಿದ್ದು ಕಡಿಮೆ, ಆಮೇಲೆ ಮುಚ್ಚಿದರು. ಮುಂದೆ 2011ರಲ್ಲಿ ಮುಚ್ಚಳದ ಕಲ್ಲಿನ ಬಗ್ಗೆಯೇ ಅನುಮಾನ ಬಂದು ತುಂಬುವುದನ್ನು ನಿಲ್ಲಿಸಿದರು. ಇದರಿಂದ ನಮಗೆ ತಿಳಿಯುವುದು ಇಷ್ಟೇ. ಈ ಅನಿಲ ಹೊಸ ದಾರಿ ಹುಡುಕುವುದಿಲ್ಲ, ಹಳೇ ತೂತನ್ನೇ ಹುಡುಕಿಕೊಂಡು ಹೋಗ್ತದೆ.

ಎರಡನೆಯದು ಅಮೆರಿಕದ ಇಲಿನಾಯ್ ರಾಜ್ಯದ ಡಿಕೇಟರ್. ನಮ್ಮ ಹಾಗೇ ಬೇಸಾಯದ ಊರು, ಮೆಕ್ಕೆಜೋಳದ ನಾಡು. ಅಲ್ಲಿ ಜೋಳದಿಂದ ಸ್ಪಿರಿಟ್ಟು ತೆಗೆಯುವ ಎಡಿಎಂ ಕಂಪೆನಿ ಅನಿಲವನ್ನು ಒಂದು ಮೈಲಿಗೂ ಆಳದಲ್ಲಿ ಹೂಳುತ್ತಿತ್ತು. ಅನಿಲ ಎಲ್ಲಿಗೆ ಹೋಗ್ತದೆ ಎಂದು ನೋಡಲು ಕಾವಲಿನ ಬಾವಿಗಳನ್ನು ಕೊರೆದಿದ್ದರು. 2024ರಲ್ಲಿ ಸೋರಿದ್ದು ಆ ಕಾವಲಿನ ಬಾವಿಯೇ! ಒಳಗಿನ ಪೈಪು ತುಕ್ಕು ತಿಂದು, ಸುಮಾರು 8,000 ಟನ್ ಹೋಗಬಾರದ ಪದರಕ್ಕೆ ಹೋಯಿತು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಕುಡಿಯುವ ನೀರಿಗೆ ತಾಗಲಿಲ್ಲ, ಅದು ಪುಣ್ಯ. ಆದರೆ ವಿಷಯ ಊರಿಗೆ ತಿಳಿದದ್ದು ಕಂಪೆನಿಗೆ ತಿಳಿದ ತಿಂಗಳುಗಟ್ಟಲೆ ಆದ ಮೇಲೆ. ಅಲ್ಲಿಯ ರೈತರು, ಊರಿನವರು ಸುಮ್ಮನಿರಲಿಲ್ಲ. 2025ರಲ್ಲಿ ಆ ರಾಜ್ಯ ಮಹೋಮೆಟ್ ಎಂಬ ಕುಡಿಯುವ ನೀರಿನ ಪದರದ ಜಾಗದಲ್ಲಿ ಹೀಗೆ ಹೂಳಬಾರದು ಎಂದು ಕಾಯ್ದೆ ಮಾಡಿತು.

ಮೂರನೆಯದು ಬಾವಿಯದ್ದಲ್ಲ, ಪೈಪಿನದ್ದು. 2020ರ ಫೆಬ್ರವರಿಯಲ್ಲಿ ಅಮೆರಿಕದ ಮಿಸಿಸಿಪಿ ರಾಜ್ಯದ ಸಟಾರ್ಷಿಯಾ ಎಂಬ ಹಳ್ಳಿ ಹತ್ತಿರ ಮಳೆಗೆ ಗುಡ್ಡ ಜರಿದು ಈ ಅನಿಲದ ಪೈಪು ತುಂಡಾಯಿತು. 45 ಜನ ಆಸ್ಪತ್ರೆ ಸೇರಿದರು, ಇನ್ನೂರು ಜನ ಮನೆ ಬಿಟ್ಟರು. ಕಾರುಗಳ ಎಂಜಿನ್ನೇ ನಿಂತುಹೋಯಿತು. ಶಿರೂರಿನಲ್ಲಿ 2024ರ ಜುಲೈಯಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿದದ್ದನ್ನು ಕಂಡ ನಮ್ಮ ಜಿಲ್ಲೆಯವರಿಗೆ ಮಳೆಗೆ ಗುಡ್ಡ ಜರಿಯುವುದೆಂದರೆ ಏನೆಂದು ಯಾರೂ ವಿವರಿಸಬೇಕಾಗಿಲ್ಲ.

ಘಟ್ಟದ ಮೇಲಿನ ಒಣನಾಡಿಗೆ

ಬೆಳಗಾವಿ, ವಿಜಯಪುರ, ಬಾಗಲಕೋಟೆ, ಕಲಬುರಗಿ, ಬೀದರ ಕಡೆ ಎರೆಮಣ್ಣಿನ ಕೆಳಗೆ ಇರುವುದು ಹಿಂದೆ ಲಾವಾ ಹರಿದು ಗಟ್ಟಿಯಾದ ಕಪ್ಪುಕಲ್ಲು. ಈ ಕಲ್ಲಿಗೆ ಒಂದು ಗುಣ ಇದೆ. ಇಂಗಾಲದ ಡೈಆಕ್ಸೈಡನ್ನು ನೀರಿನಲ್ಲಿ ಕರಗಿಸಿ ಒಳಗೆ ಬಿಟ್ಟರೆ ಅದು ಕಲ್ಲಿನ ಜತೆ ಸೇರಿ ತಾನೂ ಕಲ್ಲಾಗ್ತದೆ. ಐಸ್‌ಲ್ಯಾಂಡ್ ದೇಶದಲ್ಲಿ 2012ರಲ್ಲಿ ಮಾಡಿ ನೋಡಿದರು. ಎರಡು ವರ್ಷದೊಳಗೆ ನೂರಕ್ಕೆ 95 ಪಾಲು ಕಲ್ಲಾಗಿತ್ತು. ಕಲ್ಲಾದದ್ದು ಮತ್ತೆ ಸೋರುವುದಿಲ್ಲ. ಕರಗಿದ ನೀರೂ ಭಾರವಾದ್ದರಿಂದ ಮೇಲೆ ಏಳುವುದಿಲ್ಲ. ಇದು ನನಗೆ ಒಳ್ಳೆ ವಿದ್ಯೆ ಅಂತಲೇ ಕಾಣ್ತದೆ.

ಆದರೆ ಒಂದು ಟನ್ ಅನಿಲ ಕರಗಿಸಲು ಸುಮಾರು 25 ಟನ್ ನೀರು ಬೇಕು. ಐಸ್‌ಲ್ಯಾಂಡಿನಲ್ಲಿ ನೀರಿಗೆ ಬರ ಇಲ್ಲ. ವಿಜಯಪುರದಲ್ಲಿ? ಕುಡಿಯುವುದಕ್ಕೇ ಟ್ಯಾಂಕರ್ ಕಾಯುವ ಊರಿನಲ್ಲಿ ಹೊಗೆ ಕರಗಿಸಲು ನೀರು ಎಲ್ಲಿಂದ? ಇನ್ನೊಂದು, ಐಸ್‌ಲ್ಯಾಂಡಿನಲ್ಲಿ ಬಿಟ್ಟದ್ದು 400ರಿಂದ 800 ಮೀಟರ್ ಆಳಕ್ಕೆ. ಅಂದರೆ 1,300 ಅಡಿಯಿಂದ ಕೆಳಗೆ. ನೀರು ಸಿಗದೆ ನಮ್ಮ ರೈತರು ಸಾವಿರ ಅಡಿ ದಾಟಿ ಕೊರೆದ ಬೋರುಗಳು ಘಟ್ಟದ ಮೇಲೆ ಎಷ್ಟಿಲ್ಲ? ಇನ್ ಸಾಲಾದಲ್ಲಿ ಸೋರಿದ ಹಳೆ ಬಾವಿ ಒಂದು. ನಮ್ಮಲ್ಲಿ ಒಂದು ಊರಿಗೆ ನೂರು. ಒಣನಾಡಿನ ಬಂಧುಗಳು ಇದನ್ನು ನೆನಪಿಟ್ಟುಕೊಳ್ಳಬೇಕು.

ನಮ್ಮ ಬೋರುಗಳ ಗತಿ ಏನು?

ದೊಡ್ಡವರಿಗೆ ಬುದ್ಧಿ ಹೇಳುವ ಮೊದಲು ನಮ್ಮ ಅಂಗಳ ನೋಡೋಣ. ತೂತು ಕೊರೆದು ಬಿಟ್ಟು ಹೋಗುವ ಚಾಳಿ ನಮ್ಮ ನಾಡಿನಲ್ಲಿ ಎಲ್ಲರಿಗೂ ಅಂಟಿದೆ. ನೀರು ಬರದಿದ್ದರೆ ಕೇಸಿಂಗ್ ಪೈಪನ್ನು ಎಳೆದು ಮಾರುತ್ತಾರೆ, ಬಾಯಿಗೆ ಒಂದು ಗೋಣಿ, ಒಂದು ಕಲ್ಲು. 2014ರಲ್ಲಿ ಬಾಗಲಕೋಟೆಯ ಸೂಳಿಕೇರಿಯಲ್ಲಿ, 2017ರಲ್ಲಿ ಅಥಣಿ ತಾಲೂಕಿನ ಝುಂಜರವಾಡದಲ್ಲಿ ಅಂಥ ತೂತಿಗೆ ಬಿದ್ದ ಮಕ್ಕಳು ಉಳಿಯಲಿಲ್ಲ. 2024ರ ಏಪ್ರಿಲಿನಲ್ಲಿ ಇಂಡಿ ತಾಲೂಕಿನ ಲಚ್ಯಾಣದಲ್ಲಿ ಬಿದ್ದ ಮಗು ಬದುಕಿ ಬಂತು, ಅಷ್ಟೇ ಭಾಗ್ಯ. ಸುಪ್ರೀಂ ಕೋರ್ಟು 2010ರಲ್ಲೇ ನಿಯಮ ಹೇಳಿದೆ. ಕೊರೆಯುವ 15 ದಿನ ಮೊದಲು ಅಧಿಕಾರಿಗಳಿಗೆ ತಿಳಿಸಬೇಕು, ಬೇಲಿ ಹಾಕಬೇಕು, ಬಿಟ್ಟ ಬೋರನ್ನು ತಳದಿಂದ ಮೇಲಿನವರೆಗೆ ಮಣ್ಣು, ಮರಳು, ಕಲ್ಲಿನಿಂದ ತುಂಬಬೇಕು ಎಂದು. 2024ರಲ್ಲಿ ನಮ್ಮ ರಾಜ್ಯ ಅಂತರ್ಜಲ ಕಾಯ್ದೆ ತಿದ್ದಿ ತೆರೆದುಬಿಟ್ಟ ಬೋರಿಗೆ ಜೈಲು, ದಂಡ ಎರಡೂ ಇಟ್ಟಿತು.

ಮಕ್ಕಳು ಬೀಳುವುದು ಕಣ್ಣಿಗೆ ಕಾಣುವ ಅನಾಹುತ. ಕಾಣದ್ದು ಇನ್ನೊಂದಿದೆ. ನಮ್ಮ ಊರಿನ ಗಜನಿ ಅಂಚಿನ ಒಂದು ಮನೆಯವರು ಬೋರು ಕೊರೆಸಿದರು. ಕೊರೆದವರು ಕೇಸಿಂಗನ್ನು ಶೇಡಿಮಣ್ಣು ದಾಟಿ ಕಲ್ಲಿನ ಮೇಲೆ ತಾಗಿಸಿ ಬಿಟ್ಟರು. ಪೈಪಿನ ಹೊರಗಿನ ಸಂದಿ ತುಂಬಲಿಲ್ಲ. ಮೂರು ಬೇಸಿಗೆ ನೀರು ಸಿಹಿ ಇತ್ತು. ನಾಲ್ಕನೆಯದಕ್ಕೆ ಮೇಲಿನ ಉಪ್ಪುನೀರು ಸಂದಿಯಲ್ಲಿ ಇಳಿದು ಬೋರು ಕೆಟ್ಟಿತು. ಬೋರಿನ ಜತೆಗೆ ಕಲ್ಲಿನ ಬಿರುಕಿನಲ್ಲಿ ಸೇರಿ ಪಕ್ಕದ ಮನೆಯ ಬಾವಿಯೂ ಕೆಟ್ಟಿತು. ರಿಗ್ಗಿನವರಿಗೆ ಫೋನು ಮಾಡಿದರೆ "ನಮ್ಮ ಕೆಲಸ ಕೊರೆಯುವುದು, ನೀರಿನ ಗ್ಯಾರಂಟಿ ನಮ್ಮದಲ್ಲ" ಎಂಬ ಉತ್ತರ. ಅವರ ಮಾತು ಕಾಗದದ ಪ್ರಕಾರ ಸರಿಯೇ ಇತ್ತು. ಯಾಕೆಂದರೆ ಕಾಗದವೇ ಇರಲಿಲ್ಲ.

ಎರಡು ಮನೆಯ ಬಾವಿಗೆ ಆದದ್ದೂ, ಡಿಕೇಟರಿನಲ್ಲಿ ಆದದ್ದೂ ಒಂದೇ. ಕೊರೆದ ತೂತಿನ ದೋಷ. ಅಲ್ಲಿ ಕೇಳಲು ಸರಕಾರ ಇತ್ತು, ದಾಖಲೆ ಇತ್ತು. ಇಲ್ಲಿ ಏನೂ ಇಲ್ಲ.

ಏನು ಕೇಳಬೇಕು?

ನನ್ನ ಅಭಿಪ್ರಾಯ ಇಷ್ಟು. ಹೂತ ವಸ್ತು ಎಷ್ಟು ವರ್ಷ ನೆಲದಡಿ ಇರಬೇಕೋ, ಆ ತೂತಿಗೆ ಅಷ್ಟು ವರ್ಷ ಒಬ್ಬ ಯಜಮಾನ ಇರಬೇಕು. ಅಮೆರಿಕದ 2010ರ ನಿಯಮದಲ್ಲಿ ತುಂಬುವುದು ನಿಂತ ಮೇಲೂ 50 ವರ್ಷ ಕಾಯಬೇಕು ಎಂದಿದೆ. ಯುರೋಪಿನ 2009ರ ನಿಯಮದಲ್ಲಿ ಮುಚ್ಚಿ ಸಾಮಾನ್ಯವಾಗಿ ಕನಿಷ್ಠ 20 ವರ್ಷ ಕಂಪೆನಿ ನೋಡಿಕೊಂಡು, ಎಲ್ಲ ಸರಿ ಇದ್ದರೆ ಆಮೇಲೆ ಸರಕಾರಕ್ಕೆ ಒಪ್ಪಿಸಬಹುದು. ಅಂದರೆ ಕೊನೆಗೆ ಅದು ಬರುವುದು ಸರಕಾರದ, ಎಂದರೆ ನಮ್ಮ ಮಕ್ಕಳ, ಮೊಮ್ಮಕ್ಕಳ ತಲೆ ಮೇಲೆ. ಕಂಪೆನಿಗಳು ಹುಟ್ಟುತ್ತವೆ, ಮುಚ್ಚುತ್ತವೆ. ಹೊಲ ಎಲ್ಲಿಗೂ ಹೋಗುವುದಿಲ್ಲ. ಅಮೆರಿಕದಲ್ಲಿ ಬಿಟ್ಟು ಹೋದ ತೈಲ, ಅನಿಲ ಬಾವಿಗಳು 30 ಲಕ್ಷಕ್ಕೂ ಹೆಚ್ಚು. ಅದರಲ್ಲಿ ಎಷ್ಟಕ್ಕೋ ಯಜಮಾನನೇ ಇಲ್ಲ. ಶ್ರೀಮಂತ ದೇಶದ ಗತಿ ಹಾಗಾದರೆ ನಮ್ಮದು ಹೇಗೆ?

ನಮ್ಮ ದೇಶದಲ್ಲಿ ಇದಕ್ಕೆ ಕಾಯ್ದೆ ಬರೆಯುವಾಗ ನಾಲ್ಕು ಮಾತು ಸೇರಬೇಕು.

ಒಂದು, ಹೂಳುವ ಮೊದಲು ಆ ಪ್ರದೇಶದ ಎಲ್ಲ ತೂತುಗಳ ಪಟ್ಟಿ ಆಗಬೇಕು. ಎಣ್ಣೆಗೆ ಕೊರೆದದ್ದು, ನೀರಿಗೆ ಕೊರೆದದ್ದು, ಬತ್ತಿದ್ದು, ಮುಚ್ಚಿದ್ದು ಎಲ್ಲ. ಪಟ್ಟಿ ಪಂಚಾಯತಿಯಲ್ಲಿ ಕನ್ನಡದಲ್ಲಿ ಇರಬೇಕು.

ಎರಡು, ಮುಚ್ಚುವ ಮತ್ತು ಕಾಯುವ ಖರ್ಚಿನ ಹಣ ಮೊದಲೇ ಠೇವಣಿ ಆಗಬೇಕು. ಲಾಭ ಬಂದ ಮೇಲೆ ಕೊಡ್ತೇವೆ ಎಂಬ ಮಾತು ಬೇಡ. ನಮಗೆ ಸೊಸೈಟಿಯಲ್ಲಿ ಸಾಲ ಕೊಡುವಾಗ ಪಹಣಿ ಕೇಳುವುದಿಲ್ಲವೆ, ಹಾಗೆ.

ಮೂರು, ಸುತ್ತಲಿನ ಬಾವಿ ನೀರಿನ ಪರೀಕ್ಷೆ ಹೂಳುವ ಮೊದಲೇ ಶುರು ಆಗಬೇಕು. ಕಂಪೆನಿಯ ಹಂಗಿಲ್ಲದವರು ಮಾಡಬೇಕು. ಮೊದಲಿನ ಲೆಕ್ಕ ಇಲ್ಲದಿದ್ದರೆ ಆಮೇಲೆ "ನಿಮ್ಮ ನೀರು ಮೊದಲೇ ಹೀಗಿತ್ತು" ಅನ್ನುವುದು ಸುಲಭ.

ನಾಲ್ಕು, ಸೋರಿದರೆ ಅದೇ ದಿನ ಊರಿಗೆ ತಿಳಿಸಬೇಕು. ತಿಳಿಸದಿದ್ದರೆ ಸೋರಿದ್ದಕ್ಕಿಂತ ದೊಡ್ಡ ಶಿಕ್ಷೆ ಇರಬೇಕು.

ಇದಕ್ಕೆಲ್ಲ ಖರ್ಚು ಹೆಚ್ಚು ಅಂತ ಅವರು ಹೇಳಬಹುದು. ಹೌದು, ಹೆಚ್ಚು. ಹೂಳುವ ನಿಜವಾದ ಖರ್ಚು ಅದೇ. ಅದನ್ನು ಬಿಟ್ಟು ಹೂಳುವುದು ಅಗ್ಗ ಎಂದರೆ ಉಳಿದದ್ದನ್ನು ನಾವು ಕೊಡ್ತೇವೆ ಅಂತ ಅರ್ಥ. ಆ ಖರ್ಚು ಸೇರಿಸಿ ಲೆಕ್ಕ ಹಾಕಿದರೆ, ಅನಿಲ ಹುಟ್ಟಿಸಿ ಹೂಳುವುದಕ್ಕಿಂತ ಹುಟ್ಟಿಸದೇ ಇರುವುದೇ ಅನೇಕ ಕಡೆ ಅಗ್ಗ ಆದೀತು. ತದಡಿಯಲ್ಲಿ ನಮ್ಮವರು ಹಿಂದೆ ಮಾಡಿದ್ದು ಅದನ್ನೇ.

ಈಗ ನಾವು ಮಾಡಬಹುದಾದ್ದು

ಕಾಯ್ದೆ ಬರುವಾಗ ಬರಲಿ. ನಮ್ಮ ಬೋರಿಗೆ ನಾವು ಇಂದೇ ಯಜಮಾನರಾಗಬಹುದು.

ಹೊಸ ಬೋರು ಕೊರೆಸುವವರು ರಿಗ್ಗಿನವರಿಂದ ಒಂದು ಹಾಳೆಯಲ್ಲಿ ಬರೆಸಿ ಸಹಿ ಹಾಕಿಸಿಕೊಳ್ಳಿ. ತಾರೀಕು, ಸರ್ವೆ ನಂಬರು, ಒಟ್ಟು ಆಳ, ಕೇಸಿಂಗ್ ಎಷ್ಟು ಅಡಿ, ಎಷ್ಟು ಅಡಿಗೆ ಯಾವ ಮಣ್ಣು, ಯಾವ ಕಲ್ಲು, ಎಲ್ಲಿ ನೀರು. ಪಹಣಿ ಜತೆ ಇಡಿ. ಕರಾವಳಿಯವರು ಕೇಸಿಂಗನ್ನು ಗಟ್ಟಿ ಕಲ್ಲಿನೊಳಗೆ ಕೂರಿಸಿ, ಹೊರಗಿನ ಸಂದಿಗೆ ಸಿಮೆಂಟಿನ ಹಾಲು ಇಲ್ಲವೆ ಜಿಗುಟು ಜೇಡಿಮಣ್ಣು ತುಂಬಿಸಿ. ಇದಕ್ಕೆ ಸ್ವಲ್ಪ ಹೆಚ್ಚು ಖರ್ಚಾದರೂ ಬಾವಿ ಉಳಿತದೆ.

ಬತ್ತಿದ ಬೋರಿನ ಕೇಸಿಂಗ್ ಎಳೆದು ಮಾರಬೇಡಿ. ತಳದಿಂದ ಕಲ್ಲಿನ ಚೂರು, ಮರಳು ತುಂಬುತ್ತಾ ಬಂದು, ಮೇಲಿನ ಹತ್ತು ಅಡಿಗೆ ಜೇಡಿಮಣ್ಣು ಇಲ್ಲವೆ ಸಿಮೆಂಟು ಹಾಕಿ ಮುಚ್ಚಿ. ಔಷಧದ ಡಬ್ಬ, ಹಟ್ಟಿಯ ನೀರು, ಕಕ್ಕಸಿನ ನೀರನ್ನು ಹಳೆ ಬೋರಿಗೆ ಬಿಡಲೇಬೇಡಿ. ಅದು ನೇರ ನಮ್ಮ, ನೆರೆಯವರ ಬಾವಿಗೇ ಬರುವುದು.

ಒಂದು ಊರಿನವರು ಸೇರಿ ಒಂದು ಭಾನುವಾರ ಕೂತರೆ ಇಡೀ ಊರಿನ ತೂತುಗಳ ಪಟ್ಟಿ ಆಗ್ತದೆ. ಯಾರ ಹೊಲದಲ್ಲಿ, ಎಷ್ಟು ಆಳ, ಈಗ ಯಾವ ಸ್ಥಿತಿ ಎಂದು ಶಾಲೆ ಮಕ್ಕಳ ಕೈಯಲ್ಲಿ ನೋಟುಬುಕ್ಕಿನಲ್ಲಿ ಬರೆಸಿದರೆ ಸಾಕು. ನಾಳೆ ಯಾರಾದರೂ ಹೂಳಲಿಕ್ಕೆ ಬಂದರೆ ಅವರ ಮುಂದೆ ಇಡಲು ನಮ್ಮ ಹತ್ತಿರ ಒಂದು ಕಾಗದ ಇರ್ತದೆ. ಯಾರೂ ಬರದಿದ್ದರೂ ನಮ್ಮ ಬಾವಿಗಳಿಗೆ ಒಳ್ಳೆಯದೇ. ಈಗಾಗಲೇ ಇಂಥ ಪಟ್ಟಿ ಮಾಡಿದ ಊರಿದ್ದರೆ, ಹೇಗೆ ಮಾಡಿದಿರಿ, ಎಷ್ಟು ತೂತು ಸಿಕ್ಕಿತು ಎಂದು ಪತ್ರಿಕೆಗೆ ಬರೆಯಿರಿ. ಉಳಿದವರಿಗೆ ದಾರಿ ಆಗ್ತದೆ.